ಹದಿನೇಳು ಡಿಗ್ರಿ ಏರು, ಇಪ್ಪತ್ತನಾಲ್ಕು ಕಿಲೋ ಪೆಟ್ಟಿಗೆ

ಏರು ಎಂದರೇನು ಎಂದು ಲಿಫ್ಟಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತೈದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ ಊರಿನ ಅರ್ಧ ಜನರನ್ನು ಮೇಲಕ್ಕೆ ಕಳಿಸಿ, ಅಷ್ಟೇ ಜೋಪಾನವಾಗಿ ಕೆಳಕ್ಕೆ ಕರೆಸಿಕೊಂಡವನು ಅವನು. ಅಂಥವನು ಆ ಶನಿವಾರ ಹೊಸ ಎಲೆಕ್ಟ್ರಿಕ್ ಬೈಕನ್ನು ಬಾಗಿಲ ಮುಂದೆ ನಿಲ್ಲಿಸಿ, ಒಳಗಿನ ಹಜಾರಕ್ಕೆ ಕೇಳಿಸುವಂತೆ ಘೋಷಿಸಿದ: "ನಾಳೆ ಹನ್ನೆರಡು ಗಂಟೆಗೆ ಸರಿಯಾಗಿ ಅಕ್ಕನ ಮನೆ ಮುಂದೆ ಇರ್ತೀನಿ. ದಾರೀಲಿ ಕಾಲು ನೆಲಕ್ಕೆ ತಾಗಿಸಿದ್ರೆ ನಾನು ಲಿಫ್ಟಣ್ಣನೇ ಅಲ್ಲ!"

ಹಜಾರ ಏನೂ ಹೇಳಲಿಲ್ಲ. ಮೂರು ವರ್ಷದಿಂದ ಅದು ಏನೂ ಹೇಳುತ್ತಿಲ್ಲ. ಹೆಂಡತಿ ಇದ್ದಿದ್ದರೆ "ಮೊದಲು ಸ್ಟ್ಯಾಂಡ್ ಸರಿಯಾಗಿ ಹಾಕಿ, ಆಮೇಲೆ ಶಪಥ ಮಾಡಿ" ಎನ್ನುತ್ತಿದ್ದಳು. ಎದುರು ಮಾತಾಡುವವರಿಲ್ಲದೆ ಕೊಚ್ಚಿಕೊಳ್ಳುವುದು ಎಷ್ಟು ಸಪ್ಪೆ ಎನ್ನುವುದು ಲಿಫ್ಟಣ್ಣನಿಗೆ ಅವಳು ಹೋದ ಮೇಲೆ ಗೊತ್ತಾಗಿತ್ತು.

ಅವನಿಗೆ ಉಳಿದಿದ್ದವಳು ಒಬ್ಬಳೇ ಅಕ್ಕ. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮದುವೆಯ ಗೋಜಿಗೆ ಹೋಗದವಳು. ಊರಿನ ನೆತ್ತಿಯ ಮೇಲೆ, ಗುಡ್ಡದ ತುದಿಯ ಮನೆಯಲ್ಲಿ ಇರುವವಳು. ಅವಳಿಗೆ ಮಂಡಿನೋವು, ಇಳಿಯಲಾರಳು. ಇವನಿಗೆ ಏದುಸಿರು, ಹತ್ತಲಾರ. ರಸ್ತೆಯೋ ಇಕ್ಕಟ್ಟು, ಮೇಲೆ ತಿರುಗಿಸಲು ಜಾಗವಿಲ್ಲವೆಂದು ಬಾಡಿಗೆ ಗಾಡಿಯವರು ಬುಡದಲ್ಲೇ ಇಳಿಸಿ ಕೈಮುಗಿಯುತ್ತಾರೆ. ಹೀಗಾಗಿ ಅಕ್ಕ ತಮ್ಮನ ಪ್ರೀತಿಯೆಲ್ಲ ಫೋನಿನಲ್ಲೇ ನಡೆಯುತ್ತಿತ್ತು.

ಅದರಲ್ಲೂ ಅಕ್ಕನ ಮನೆಯಲ್ಲಿ ಏನಾದರೊಂದು ಕೆಡುತ್ತಲೇ ಇರುತ್ತಿತ್ತು. ಒಂದು ವಾರ ಮಿಕ್ಸಿ ತಿರುಗದು, ಮರುವಾರ ಗೀಸರ್ ಬಿಸಿಯಾಗದು, ಅದರ ಮರುವಾರ ಫ್ಯಾನು ಕಿರುಗುಟ್ಟುವುದು. "ಬಂದು ನೋಡೋ" ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಲಿಫ್ಟಣ್ಣ ಫೋನಿನಲ್ಲೇ ಚಿಕಿತ್ಸೆ ಶುರುಮಾಡಿಬಿಡುತ್ತಿದ್ದ. ಆ ಕೆಂಪು ಗುಂಡಿ ಒತ್ತು, ಈ ತಂತಿ ಸರಿಸು, ಈಗ ಸ್ವಿಚ್ ಹಾಕು. ಪ್ರತಿ ಸಲವೂ ಯಂತ್ರ ಎದ್ದು ಕೂರುತ್ತಿತ್ತು! ಮನೆ ಬಿಟ್ಟು ಕದಲದೆ ಇಷ್ಟೊಂದು ಜೀವ ಉಳಿಸಿದ ಮೆಕ್ಯಾನಿಕ್ ಇನ್ನೊಬ್ಬನಿಲ್ಲ ಎಂದು ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದ್ದ.

ಕಳೆದ ತಿಂಗಳು ಮಾತ್ರ ಅಕ್ಕ ಬೇರೆ ರಾಗ ತೆಗೆದಳು. ಅವನ ಹೆಂಡತಿಯ ಕೈ ಹೊಲಿಗೆ ಯಂತ್ರ ಮೂಲೆಯಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ಅದು ತನಗೆ ಬೇಕು ಎಂದಳು. ಬೀಡುಕಬ್ಬಿಣದ ಯಂತ್ರ, ಮರದ ಮುಚ್ಚಳ ಸೇರಿ ಹದಿನೇಳು ಕಿಲೋ. ಅದಕ್ಕೆ ಯಾವ ಗುಂಡಿ ಒತ್ತಿಸುವುದು? ಲಿಫ್ಟಣ್ಣ ವಾರವೆಲ್ಲ ಯೋಚಿಸಿ ಎಲೆಕ್ಟ್ರಿಕ್ ಬೈಕಿನ ಅಂಗಡಿಗೆ ಹೋದ.

ನಿಜ ಹೇಳಬೇಕೆಂದರೆ ಏದುಸಿರು ಒಂದು ನೆಪ. ಹಿಂದೆ ಪ್ರತಿ ಭಾನುವಾರ ಗಂಡ ಹೆಂಡತಿ ನಡೆದೇ ಆ ಏರು ಹತ್ತುತ್ತಿದ್ದರು. ಹಸಿರು ಗೇಟಿನ ಮನೆ ಮುಂದೆ ರಸ್ತೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಅಲ್ಲಿಗೆ ಬಂದಾಗ ಅವಳು ಅವನ ಬೆನ್ನಿಗೆ ಅಂಗೈ ಕೊಟ್ಟು "ಜಗ್ಗದ ಲಿಫ್ಟು" ಎಂದು ನಗುತ್ತ ತಳ್ಳುತ್ತಿದ್ದಳು. ಅವಳು ಹೋದ ಮೇಲೆ ಒಂದೇ ಸಲ ಅವನು ಆ ದಾರಿ ಹಿಡಿದಿದ್ದ. ಹಸಿರು ಗೇಟಿನ ಹತ್ತಿರ ಬೆನ್ನು ತಣ್ಣಗಾಯಿತು, ಹಿಂದಿರುಗಿ ಬಂದುಬಿಟ್ಟ. ಬೈಕಾದರೆ ಆ ಜಾಗವನ್ನು ಅರ್ಧ ನಿಮಿಷದಲ್ಲಿ ದಾಟಬಹುದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಅಂಗಡಿಯವನು ಬೈಕು ಹದಿನೈದು ಡಿಗ್ರಿ ಏರನ್ನು ಹತ್ತುತ್ತದೆ ಎಂದ. ಲಿಫ್ಟಣ್ಣ ಮೊದಲೇ ಗುಡ್ಡದ ಬುಡದಲ್ಲೇ ನಿಂತು, ಮೇಲಿನ ಏರಿಗೆ ಗುರಿಯಿಟ್ಟು ಅಳತೆಪಟ್ಟಿ, ತೂಗುಗುಂಡು ಹಿಡಿದು ಲೆಕ್ಕ ಹಾಕಿದ್ದ: ಹದಿನೇಳು. ಎರಡು ಡಿಗ್ರಿ ಏನು ಮಹಾ! ಬೈಕಿನ ಮೇಲೆ ಗರಿಷ್ಠ ಭಾರ ನೂರಿಪ್ಪತ್ತು ಕಿಲೋ ಎಂದು ಬರೆದಿತ್ತು. ಅದನ್ನು ಓದಿ ಅವನಿಗೆ ನಗುವೇ ಬಂತು. ಎಂಟು ಜನ ಎಂದು ಬರೆದ ಲಿಫ್ಟಿನಲ್ಲಿ ಹನ್ನೊಂದು ಜನ ಹತ್ತಿದ್ದನ್ನು ಅವನು ಕಣ್ಣಾರೆ ಕಂಡವನು. ಫಲಕ ಬರೆಯುವುದು ಅಂಜುಬುರುಕರಿಗೆ, ಒಳಗಿನ ಹಗ್ಗ ಅದರ ಹತ್ತುಪಟ್ಟು ತಡೆಯುತ್ತದೆ ಎನ್ನುವುದು ಅವನ ವೃತ್ತಿಜೀವನದ ಪರಮ ರಹಸ್ಯ. ಬೈಕಿಗೆ ಹಗ್ಗವೇ ಇಲ್ಲ ಎನ್ನುವುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ತೂಕ ನೋಡಿಕೊಂಡ. ತಾನು ಎಂಬತ್ತೆಂಟು. ಹೊಲಿಗೆ ಯಂತ್ರ ಹದಿನೇಳು. ಅಲ್ಲಿಗೇ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಸಲಕರಣೆಯ ಪೆಟ್ಟಿಗೆ ಇಲ್ಲದೆ ಲಿಫ್ಟಣ್ಣ ಯಾರ ಮನೆಯ ಹೊಸ್ತಿಲನ್ನೂ ದಾಟಿದವನಲ್ಲ. ಪೆಟ್ಟಿಗೆ ಇಪ್ಪತ್ತನಾಲ್ಕು. ಯಂತ್ರವನ್ನು ಹಿಂದೆ ಬಿಗಿದು, ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟು, ಹೆಲ್ಮೆಟ್ ತೊಟ್ಟು ಹೊರಟ.

ಮೊದಲ ತಿರುವಿನವರೆಗೆ ಬೈಕು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಎರಡನೆಯ ತಿರುವಿನಲ್ಲಿ ಬ್ಯಾಟರಿ ತೊಂಬತ್ತೆಂಟರಿಂದ ಎಪ್ಪತ್ತಕ್ಕೆ ಇಳಿಯಿತು. ಮೂರನೆಯದರಲ್ಲಿ ಗೋಡೆಯ ಮೇಲಿನ ಬೆಕ್ಕೊಂದು ನಡೆದುಕೊಂಡೇ ಅವನನ್ನು ಹಿಂದೆ ಹಾಕಿತು. ಪರದೆಯಲ್ಲಿ ಕೆಂಪು ಥರ್ಮಾಮೀಟರಿನ ಚಿತ್ರ ಮಿನುಗಿತು. ಹಸಿರು ಗೇಟು ಬಂತು. ಸರಿಯಾಗಿ ಅಲ್ಲೇ ಬೈಕು ಕೈಕೊಟ್ಟಿತು. ಪೆಟ್ರೋಲ್ ಗಾಡಿಯಾದರೆ ಕೆಮ್ಮಿ ಗೋಳಾಡಿ ಎಚ್ಚರಿಸುತ್ತದೆ. ಇದು ಸದ್ದೇ ಇಲ್ಲದೆ ನಿಂತುಹೋಯಿತು. ಅವನ ಹೆಂಡತಿಯೂ ಹೀಗೇ, ಸದ್ದಿಲ್ಲದೆ ಹೋಗಿದ್ದಳು.

ಮರುಕ್ಷಣ ಬೈಕು ಹಿಂದಕ್ಕೆ ಜಾರತೊಡಗಿತು! ಲಿಫ್ಟಣ್ಣ ಎರಡೂ ಬ್ರೇಕು ಅದುಮಿ, ಎರಡೂ ಕಾಲು ನೆಲಕ್ಕೂರಿ ನಿಂತ. ಶಪಥ ಅಲ್ಲಿಗೆ ಮುಗಿಯಿತು. ಬ್ರೇಕು ಬಿಟ್ಟರೆ ಹೆಂಡತಿಯ ಯಂತ್ರದ ಸಮೇತ ಬುಡಕ್ಕೆ. ಅಡ್ಡ ತಿರುಗಿಸಿದರೆ ಮಗುಚುತ್ತದೆ. ಇಳಿಯಲು ಕಾಲೆತ್ತುವಂತಿಲ್ಲ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ಅಕ್ಕನದೇ ಇರಬೇಕು; ಎತ್ತಲು ಮೂರನೆಯ ಕೈ ಇಲ್ಲ. ಅದು ಹೊಡೆದುಕೊಂಡು ಹೊಡೆದುಕೊಂಡು ಕೊನೆಗೆ ನಿಂತಿತು.

ಅಷ್ಟರಲ್ಲಿ ನಾಯಿ ಹಿಡಿದುಕೊಂಡ ಒಬ್ಬ ಇಳಿದು ಬಂದ. ಸಹಾಯ ಬೇಕಾ ಎಂದು ಕೇಳಿದ. ಸಿಕ್ಕಿಬಿದ್ದವರನ್ನು ಬಿಡಿಸುವುದೇ ಕಸುಬಾಗಿದ್ದವನು ತಾನು ಸಿಕ್ಕಿಬಿದ್ದಿದ್ದೇನೆ ಎಂದು ಹೇಗೆ ಹೇಳಿಯಾನು? ಬೇಡ, ಸುಮ್ಮನೆ ನೋಟ ನೋಡುತ್ತಿದ್ದೇನೆ ಎಂದ. ಎದುರಿಗಿದ್ದದ್ದು ಬರೀ ಕಾಂಪೌಂಡ್ ಗೋಡೆ. ಆ ಮನುಷ್ಯ ಗೋಡೆಯನ್ನು ನೋಡಿ, ಇವನನ್ನು ನೋಡಿ, "ಒಂದು ಚಾರ್ಜಿಗೆ ಎಷ್ಟು ದೂರ ಕೊಡುತ್ತೆ?" ಎಂದು ವಿಚಾರಿಸಿದ. "ಇಲ್ಲಿವರೆಗೆ" ಎಂದ ಲಿಫ್ಟಣ್ಣ.

ಅವನೂ ಹೋದ. ಬಿಸಿಲು ಹೆಲ್ಮೆಟ್ಟಿನೊಳಗೆ ಇಳಿಯಿತು. ಬೆರಳುಗಳು ಜೋಮು ಹಿಡಿದವು. ಸುತ್ತ ಎಲ್ಲ ಮನೆಗಳ ಕಿಟಕಿ ಮುಚ್ಚಿತ್ತು, ಎಲ್ಲೋ ತಟ್ಟೆ ಲೋಟದ ಸದ್ದು, ಊಟಕ್ಕೆ ಕೂತವರ ಮಾತು. ಲಿಫ್ಟಣ್ಣನಿಗೆ ಅಳು ಬಂತು. ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ.

ಆಗ ಮೇಲಿನಿಂದ ಒಂದು ದನಿ ಕೇಳಿತು. "ಅಲ್ಲಾಡಬೇಡ. ಏನೂ ಒತ್ತಬೇಡ. ಬರ್ತಾ ಇದ್ದೀನಿ."

ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಮೂವತ್ತೈದು ವರ್ಷ ಅವನು ಹೇಳುತ್ತಿದ್ದ ಮಾತು! ತಲೆಯೆತ್ತಿ ನೋಡಿದರೆ ಅಕ್ಕ. ಕೈಯಲ್ಲಿ ಕೋಲು, ಒಂದೊಂದೇ ಹೆಜ್ಜೆ, ಅಡ್ಡಡ್ಡವಾಗಿ, ಹಲ್ಲು ಕಚ್ಚಿಕೊಂಡು ಇಳಿಯುತ್ತಿದ್ದಳು. ಕಿಟಕಿಯಲ್ಲಿ ಬೆಳಿಗ್ಗೆಯಿಂದಲೇ ದಾರಿ ಕಾಯುತ್ತಿದ್ದವಳು ಎಲ್ಲವನ್ನೂ ನೋಡಿದ್ದಳು. ಇನ್ನೂರು ಹೆಜ್ಜೆಗೆ ಇಪ್ಪತ್ತು ನಿಮಿಷ ತೆಗೆದುಕೊಂಡಳು. ಬಂದವಳೇ ಗೇಟಿನ ಬಳಿಯ ಕಲ್ಲೊಂದನ್ನು ಕೋಲಿನಿಂದ ಉರುಳಿಸಿ ಹಿಂದಿನ ಚಕ್ರಕ್ಕೆ ಒತ್ತು ಕೊಟ್ಟಳು. ಅಷ್ಟೇ. ಲಿಫ್ಟಣ್ಣ ಬ್ರೇಕಿನಿಂದ ಬೆರಳು ಬಿಡಿಸಿಕೊಂಡು ಇಳಿದ.

ಇಬ್ಬರೂ ಕಟ್ಟೆಯ ಮೇಲೆ ಕೂತರು. ಅಕ್ಕ ಮಂಡಿ ನೀವಿಕೊಳ್ಳುತ್ತ, ಹಿಂದೆ ಕಟ್ಟಿರುವುದೇನು ಎಂದಳು.

"ಏನು ಅಂದ್ರೆ? ನೀನೇ ಕೇಳಿದ್ಯಲ್ಲ, ಹೊಲಿಗೆ ಮಷಿನ್ನು."

"ನನಗೆ ಹೊಲಿಗೆ ಎಲ್ಲಿ ಬರುತ್ತೋ?"

ಲಿಫ್ಟಣ್ಣ ತಿರುಗಿ ಬೈಕಿಗೆ ಬಿಗಿದಿದ್ದ ಯಂತ್ರವನ್ನೊಮ್ಮೆ ನೋಡಿದ. "ಮತ್ತೆ ಯಾಕೆ ಕೇಳ್ದೆ?"

"ಸುಮ್ನೆ ಬಾ ಅಂದ್ರೆ ನೀನು ಬರೋನಲ್ಲ. ಏನಾದ್ರೂ ಕೆಟ್ಟಿದ್ರೆ ಬರ್ತಾನೆ ಅಂತ ಮಿಕ್ಸಿ ಕೆಟ್ಟಿದೆ ಅಂದೆ, ನೀನು ಫೋನಲ್ಲೇ ರಿಪೇರಿ ಮಾಡ್ದೆ. ಗೀಸರ್ ಅಂದೆ, ಅದನ್ನೂ ಫೋನಲ್ಲೇ ಮಾಡ್ದೆ. ಫೋನಲ್ಲಿ ಕಳಿಸೋಕಾಗದೇ ಇರೋದು ಏನಿದೆ ಅಂತ ಯೋಚ್ನೆ ಮಾಡಿ ಇದನ್ನ ಕೇಳ್ದೆ."

"ಹಾಗಾದ್ರೆ ಮಿಕ್ಸಿ?"

"ಅದು ಒಂದು ದಿನಾನೂ ಕೆಟ್ಟಿಲ್ಲ ಕಣೋ."

ಮೂರು ವರ್ಷದ ಪವಾಡಗಳೆಲ್ಲ ಒಂದೇ ಮಾತಿಗೆ ಕುಸಿದು ಬಿದ್ದವು. ಲಿಫ್ಟಣ್ಣ ತಲೆ ತಗ್ಗಿಸಿ, ಹೆಂಡತಿ ಹೋದ ಮೇಲೆ ಈ ಜಾಗ ದಾಟಲು ತನ್ನಿಂದ ಆಗಲಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದ. ಗೊತ್ತು ಎಂದಳು ಅಕ್ಕ. ಅವತ್ತು ಅವನು ಇಲ್ಲಿಂದ ಹಿಂದಿರುಗಿದ್ದನ್ನೂ ಅದೇ ಕಿಟಕಿಯಿಂದ ನೋಡಿದ್ದಳಂತೆ.

ಅರ್ಧ ಗಂಟೆಯಲ್ಲಿ ಕೆಂಪು ಚಿತ್ರ ಆರಿತು. ಲಿಫ್ಟಣ್ಣ ಹತ್ತಿ ಕೂರದೆ ಪಕ್ಕದಲ್ಲಿ ನಿಂತು ಮೆಲ್ಲಗೆ ಹಿಡಿಕೆ ತಿರುವಿದ. ಅಕ್ಕ ಕಲ್ಲು ಸರಿಸಿದಳು. ಪೆಟ್ಟಿಗೆ, ಯಂತ್ರ ಎರಡನ್ನೂ ಹೊತ್ತ ಬೈಕು ಹದಿನೇಳು ಡಿಗ್ರಿಯನ್ನು ಗುನುಗುತ್ತ ಹತ್ತತೊಡಗಿತು! ಅವನು ಅದರ ಜೊತೆ ಹೆಜ್ಜೆ ಹಾಕಿದ. ಅಕ್ಕ ಒಂದು ಕೈಯಲ್ಲಿ ಕೋಲೂರಿ, ಇನ್ನೊಂದನ್ನು ಅವನ ಬೆನ್ನಿಗೆ ಆನಿಸಿಕೊಂಡು ಬಂದಳು. ತಳ್ಳುತ್ತಿದ್ದಳೋ, ಆಸರೆಗೆ ಹಿಡಿದಿದ್ದಳೋ ಅವನಿಗೆ ತಿಳಿಯಲಿಲ್ಲ. ಬೆನ್ನು ಮಾತ್ರ ಬೆಚ್ಚಗಿತ್ತು.

"ಬೈಕು ಚೆನ್ನಾಗೇ ಹತ್ತುತ್ತೆ ಕಣೋ," ಎಂದಳು ಅಕ್ಕ ಮನೆ ಮುಂದೆ ನಿಂತು. "ನೀನು ಮೇಲೆ ಕೂರದಿದ್ರೆ ಆಯ್ತು."

ಆಗಲೇ ಲಿಫ್ಟಣ್ಣನಿಗೆ ಹೊಳೆದದ್ದು, ಅರ್ಧ ಏರನ್ನು ತಾನು ನಡೆದೇ ಹತ್ತಿಬಿಟ್ಟಿದ್ದೇನೆ, ಏದುಸಿರಿನ ಸುದ್ದಿಯೇ ಇಲ್ಲ ಎಂದು.

ಆರಿದ ಊಟವನ್ನು ಬಿಸಿ ಮಾಡಿ ಇಬ್ಬರೂ ಉಂಡರು. ಹೊರಡುವಾಗ ಅಕ್ಕ ಬಾಗಿಲಿಗೆ ಬಂದು ಗಂಭೀರವಾಗಿ ಕೇಳಿದಳು:

"ಮುಂದಿನ ಭಾನುವಾರಕ್ಕೆ ಏನು ಕೆಡಿಸಿ ಇಡಲಿ?"

"ಏನೂ ಬೇಡ ಅಕ್ಕಾ. ಸುಮ್ನೆ ಬರ್ತೀನಿ."

"ಹಾಗಾದ್ರೆ ಆ ಪೆಟ್ಟಿಗೆ ಮನೇಲಿ ಬಿಟ್ಟು ಬಾ."