ಇಬ್ಬರು ಡಾಕ್ಟರ ನಡುವೆ ನನ್ನ ವಾಕಿಂಗು

ಕಾಯಿಲೆ ಬಂದರೆ ಮನುಷ್ಯ ಹೇಗೋ ಸುಧಾರಿಸಿಕೊಳ್ಳುತ್ತಾನೆ. ಬಂದ ಹಾಗೂ ಇದೆ, ಬಾರದ ಹಾಗೂ ಇದೆ ಎಂದರೆ ಏನು ಮಾಡಬೇಕು? ಹೊಸಪೇಟೆಯ ಡಾಕ್ಟರೊಬ್ಬರು ನನ್ನ ರಕ್ತ ಪರೀಕ್ಷೆ ಮಾಡಿಸಿ, "ಸಕ್ಕರಿ ಕಾಯಿಲೆ ಇನ್ನೂ ಬಂದಿಲ್ರಿ, ಬಾಗಿಲ್ದಾಗ ನಿಂತೈತಿ" ಅಂದರು. ಬಾಗಿಲಲ್ಲಿ ನಿಂತವರನ್ನು ಸಾಗಹಾಕುವ ವಿದ್ಯೆ ನನಗೆ ಮೊದಲಿನಿಂದಲೂ ಬಾರದು. ಚಂದಾ ಕೇಳಲು ಬಂದವರೂ ನಮ್ಮ ಮನೆಯಲ್ಲಿ ಚಹಾ ಕುಡಿದೇ ಹೋಗುತ್ತಾರೆ.

ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಸಮುದ್ರದ ಕಡೆ ಹೊರಟಿದ್ದ ಕಾಲ ಅದು. ನಾನು ಅದಿರು ಸಾಗಿಸುವ ಲಾರಿ ಆಫೀಸೊಂದರಲ್ಲಿದ್ದೆ. ಡ್ರೈವರುಗಳಿಗೆ ಫೋನು ಮಾಡಿ "ಎಲ್ಲಿದೀಯಪಾ? ಜಲ್ದಿ ಬಾ" ಎನ್ನುವುದೇ ನನ್ನ ಕೆಲಸ. ಹಸಿವಾದರೆ ಎದುರಿನ ಅಂಗಡಿಯಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಾವಾಗಿ ಬರುತ್ತಿದ್ದವು. ಡಾಕ್ಟರು "ದಿನಾ ಎಷ್ಟು ನಡೀತೀರಿ?" ಎಂದು ಕೇಳಿದಾಗ ಲೆಕ್ಕ ಹಾಕಿ ನೋಡಿದೆ. ನನ್ನ ಕುರ್ಚಿಗೆ ಗಾಲಿಗಳಿದ್ದವು. ಕಪಾಟಿನವರೆಗೂ ಕೂತೇ ಹೋಗುತ್ತಿದ್ದೆ.

ಅನ್ನ ಕಡಿಮೆ, ಸಿಹಿ ಬಂದ್, ಬೆಳಿಗ್ಗೆ ವಾಕಿಂಗ್ ಎಂದು ಅಪ್ಪಣೆಯಾಯಿತು. ಮರುದಿನವೇ ಬಿಳಿ ಬೂಟು ಹಾಕಿಕೊಂಡು ಚಿತ್ತವಾಡ್ಗಿಯ ನಮ್ಮ ಓಣಿಯಿಂದ ದೊಡ್ಡ ರಸ್ತೆಗೆ ಹೊರಟೆ. ಅಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಮೈತುಂಬ ಕೆಂಪು ಧೂಳು ಮೆತ್ತಿಕೊಂಡು ತಿರುಗಿ ಬಂದಾಗ ಬಾಗಿಲು ತೆರೆದ ಹೆಂಡತಿ ಗಿರಿಜಾ ಒಂದು ಹೆಜ್ಜೆ ಹಿಂದೆ ಸರಿದಳು.

"ಇದೇನ್ರೀ ಅವತಾರ! ಅಲ್ಲೇ ನಿಂದ್ರಿ, ನೀರು ತರ್ತೀನಿ."

ಒಂದೇ ವಾರದಲ್ಲಿ ಕೆಮ್ಮು ಹತ್ತಿತು. ಎದೆ ನೋಡುವ ಡಾಕ್ಟರ ದವಾಖಾನೆ ಮೊದಲನೆಯ ಡಾಕ್ಟರಿಗೆ ಎದುರುಬದುರು. ಇವರು ನನ್ನ ಬೆನ್ನಿಗೆ ಕೊಳವೆ ಒತ್ತಿ, "ಈ ಧೂಳಿನ್ಯಾಗ ವಾಕಿಂಗ್ ಮಾಡು ಅಂತ ಯಾರು ಹೇಳಿದ್ರೀ? ಸುಮ್ನ ಮನಿಯಾಗ ಕುಂದ್ರಿ" ಎಂದು ಗದರಿದರು. ನಾನು ಕಿಟಕಿಯಾಚೆ, ಎದುರಿನ ದವಾಖಾನೆಯ ಬೋರ್ಡಿನ ಕಡೆ ಬೆರಳು ತೋರಿಸಿದೆ. ಅವರು ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು, ಕೆಮ್ಮಿನ ಔಷಧಿ ಬರೆದರು. ಅದು ಪಾಕದಷ್ಟು ಸಿಹಿಯಾಗಿತ್ತು. ಕುಡಿಯಬಹುದೋ ಬಾರದೋ ಎಂದು ಕೇಳಲು ನಾನು ಮತ್ತೆ ರಸ್ತೆ ದಾಟಿದೆ.

ನಡೆದರೆ ಎದೆ ಕೆಡುತ್ತದೆ, ಕೂತರೆ ಸಕ್ಕರೆ ಏರುತ್ತದೆ. ಈ ಚಿಂತೆಯಲ್ಲಿ ತಲೆ ಕೆಟ್ಟು, ಕೊನೆಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು ನಡೆಯುವುದೆಂದು ತೀರ್ಮಾನಿಸಿದೆ. ಒಂದು ಬೆಳಿಗ್ಗೆ ಲಾರಿಯೊಂದು ಮೈಮೇಲೆ ಬಂದಂತೆ ಬಂದು ಧೂಳೆಬ್ಬಿಸಿತು. "ಲೇ, ಕಣ್ಣು ಕಾಣಂಗಿಲ್ಲೇನು? ಏನು ಅವಸರಲೇ ನಿಂಗ?" ಎಂದು ಕೂಗಿದೆ. ಲಾರಿ ನಿಂತಿತು. ಕ್ಯಾಬಿನ್ನಿನಿಂದ ನಮ್ಮ ಆಫೀಸಿನ ಡ್ರೈವರ್ ಬಸಣ್ಣನ ಮುಖ ಹೊರಬಂತು.

"ಸಾರ್, ನೀವೇನ್ರಿ! ಟವೆಲ್ ಕಟ್ಟೀರಿ, ಗುರ್ತಾ ಸಿಗಲಿಲ್ಲ ನೋಡ್ರಿ. ಜಲ್ದಿ ಬಾ ಅಂತ ರಾತ್ರಿ ಫೋನ್ ಮಾಡಿದ್ರಲ್ರಿ ನೀವು?"

ನಾನು ಟವೆಲನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡು ಮನೆಗೆ ಬಂದೆ.

ಇಷ್ಟರಲ್ಲಿ ಮನೆಯೆಲ್ಲ ನನ್ನ ಸಕ್ಕರೆಯ ಸುತ್ತ ತಿರುಗುತ್ತಿತ್ತು. ಗಿರಿಜಾ ನನಗೆಂದು ಬಿಸಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕಂಪ್ಲಿಯ ಅವಳ ತವರಿನಿಂದ ಬಂದ ಅಕ್ಕಿಯನ್ನು ನಾನು ಮುಟ್ಟುತ್ತಿರಲಿಲ್ಲ. ನೆಂಟರು ತಂದ ಹೋಳಿಗೆ, ಶೇಂಗಾ ಉಂಡಿಗಳನ್ನು ದೂರದಿಂದಲೇ ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ಗಿರಿಜಾಳ ಮಾತು ಕಡಿಮೆಯಾಗಿತ್ತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಮುಚ್ಚಿದ ಕಿಟಕಿಯ ಪಕ್ಕ ಸುಮ್ಮನೆ ಕೂತಿರುತ್ತಿದ್ದಳು. ಪಾಪ, ನನ್ನದೇ ಚಿಂತೆ ಹಚ್ಚಿಕೊಂಡಿದ್ದಾಳೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅದರಿಂದ ನನಗೆ ಕೊಂಚ ಸಂತೋಷವೂ ಆಗಿತ್ತು.

ಮತ್ತೆ ರಕ್ತ ಕೊಡುವ ದಿನ, ಸೂಜಿ ಕಂಡರೆ ನನಗೆ ಭಯವೆಂದು ಅವಳನ್ನೂ ಕರೆದುಕೊಂಡು ಹೋದೆ. ಡಾಕ್ಟರು ಅವಳ ಮುಖ ನೋಡಿ, "ಅಮ್ಮಾರದೂ ಒಮ್ಮೆ ನೋಡೋಣ್ರಿ" ಅಂದರು. ಸಂಜೆ ರಿಪೋರ್ಟು ಬಂತು.

"ಸಾರ್, ನಿಮ್ಮದು ಚಲೋ ಇಳದೈತಿ. ಅಮ್ಮಾರದು ಭಾಳ ಏರೈತಿ. ಏನು ತಿಂತೀರಮ್ಮಾ?"

"ಇವರು ಬಿಟ್ಟಿದ್ದು" ಅಂದಳು ಗಿರಿಜಾ. "ಅನ್ನ, ಉಂಡಿ, ಹೋಳಿಗಿ... ಚೆಲ್ಲಾಕ ಮನಸ್ಸು ಬರಂಗಿಲ್ರಿ."

"ನಿದ್ದಿ ಬರತೈತೇನು?"

"ಲಾರಿ ಹಾರ್ನ್ ನಿಂತ್ರ ಬರತೈತ್ರಿ. ನಿಲ್ಲಂಗಿಲ್ಲ. ಧೂಳಂತ ಹಗಲೆಲ್ಲ ಬಾಗ್ಲಾ ಹಾಕ್ಕೊಂಡು ಒಬ್ಬಾಕಿನ ಕುಂತಿರ್ತೀನಿ. ಒಮ್ಮೊಮ್ಮೆ ಸುಮ್ ಸುಮ್ನ ಅಳು ಬರತೈತಿ."

ಇಷ್ಟು ಮಾತನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಸಕ್ಕರೆ ಎಲ್ಲಿಗೆ ಹೋಯಿತು ಎಂಬುದು ಮಾತ್ರ ಆಗ ತಿಳಿಯಿತು. ಡಾಕ್ಟರು ಅವಳಿಗೆ ಮಾತ್ರೆ ಬರೆದು, "ಊಟ ಇಬ್ಬರದೂ ಒಂದಾ ಆಗಲಿ. ಧೂಳಿಲ್ಲದ ಕಡೆ ನಡೀರಿ, ನಾಲ್ಕು ಮಂದಿ ಜೊತಿ ಮಾತಾಡ್ರಿ" ಅಂದರು. ಧೂಳಿಲ್ಲದ ಕಡೆ ಯಾವುದೆಂದು ಎದುರಿನ ಡಾಕ್ಟರನ್ನೂ ಕೇಳಿದೆವು. ಅವರು ಸುತ್ತಲಿನ ಊರುಗಳನ್ನೆಲ್ಲ ಬೆರಳಲ್ಲಿ ಎಣಿಸಿ, "ಹಂಪಿ ಕಡಿ ಹೋಗ್ರಿ" ಅಂದರು. ಇಬ್ಬರು ಡಾಕ್ಟರೂ ಒಪ್ಪಿದ ಒಂದೇ ಒಂದು ಮದ್ದು ಅದು.

ಈಗ ಬೆಳಿಗ್ಗೆ ಮೊದಲ ಬಸ್ಸಿಗೆ ಹಂಪಿ ಬಜಾರಿಗೆ ಹೋಗುತ್ತೇವೆ. ಕಲ್ಲುಮಂಟಪಗಳ ಸಾಲಿನುದ್ದಕ್ಕೂ ಗಿರಿಜಾ ಬಿರಬಿರನೆ ನಡೆಯುತ್ತಾಳೆ. ಹೂವು ಮಾರುವವರು, ಬಾಳೆಹಣ್ಣು ಮಾರುವವರು ಎಲ್ಲರೂ ಅವಳಿಗೆ ಪರಿಚಯ. ಅವಳು ನಗುವುದು ದೂರದಿಂದ ಕೇಳಿಸುತ್ತದೆ. ನಾನು ಏದುಸಿರು ಬಿಡುತ್ತ ಹಿಂದೆ ಬರುತ್ತೇನೆ. ಮೊನ್ನೆ ಹೂವಿನಾಕೆ ನನ್ನನ್ನು ತೋರಿಸಿ ಕೇಳಿದಳು:

"ಯಜಮಾನ್ರಿಗೆ ಏನಾಗೈತ್ರಿ ಅಕ್ಕಾರ? ಪಾಪ, ದಿನಾ ಕರ್ಕೊಂಡು ಬರ್ತೀರಿ."

"ಅವರಿಗೇನಾಗಿಲ್ಲವ್ವಾ" ಅಂದಳು ಗಿರಿಜಾ. "ಕಾಯಿಲೆ ನಂದು. ಅವರು ನನ್ನ ಜೊತಿಗೆ ಬರ್ತಾರ, ಅಷ್ಟಾ."

ಆ ಕ್ಷಣದವರೆಗೂ ನಾನು ಇದನ್ನು ನನ್ನ ವಾಕಿಂಗ್ ಎಂದೇ ತಿಳಿದಿದ್ದೆ.