ತುಂಬುವ ಹಬ್ಬದ ದಿನ ಬಸಿದ ಗಾಡಿ

ಚಳಿ ಶುರುವಾಗುವ ಹೊತ್ತಿಗೆ ಬೇರೆಯವರ ಮನೆಗಳಲ್ಲಿ ಸ್ವೆಟರುಗಳು ಹೊರಗೆ ಬರುತ್ತವೆ, ನಮ್ಮ ಮನೆಯಲ್ಲಿ ನನ್ನ ಸಿಟ್ಟು ಹೊರಗೆ ಬರುತ್ತದೆ. ಪ್ರತಿ ವರ್ಷವೂ ಏನಾದರೊಂದು ಆಗಿಯೇ ತೀರುತ್ತದೆ, ತಪ್ಪಿದ್ದೇ ಇಲ್ಲ.

ಕಾರಣ ನಮ್ಮ ಆರ್‌ವಿ. ಅಡುಗೆಮನೆ, ಮಂಚ, ಕಕ್ಕಸು ಎಲ್ಲವೂ ಒಳಗೇ ಇರುವ ಗಾಡಿ. ನನಗೆ ಪ್ರವಾಸ ಹೋಗಲು ಆಸೆ, ಆದರೆ ದಾರಿಯಲ್ಲಿ ಕಂಡವರ ಕಕ್ಕಸು ನನ್ನಿಂದ ಆಗದು. ಹಟ ಹಿಡಿದು ಹಳೆಯದೊಂದನ್ನು ಕೊಂಡೆ. ಹಿಮ ಬೀಳುವ ಈ ಪರದೇಶದ ಮಿಸಿಸಾಗದಲ್ಲಿ, ಎರಿನ್ ಮಿಲ್ಸ್ ಬಡಾವಣೆಯ ನಮ್ಮ ಮನೆಯ ಮುಂದೆ ಅದು ನಿಂತ ದಿನ ನನಗೆ ಸ್ವಂತ ಅರಮನೆಯೇ ಬಂದಷ್ಟು ಖುಷಿಯಾಗಿತ್ತು. ಒಂದೇ ತೊಂದರೆ. ಚಳಿಗಾಲಕ್ಕೆ ಮುಂಚೆ ಅದರ ನೀರನ್ನೆಲ್ಲ ಬಸಿದು, ಪೈಪುಗಳಿಗೆ ಹೆಪ್ಪುಗಟ್ಟದ ಒಂದು ಗುಲಾಬಿ ದ್ರವ ತುಂಬಬೇಕು. ಇಲ್ಲದಿದ್ದರೆ ನೀರು ಮಂಜುಗಡ್ಡೆಯಾಗಿ ಪೈಪು ಸೀಳುತ್ತದೆ. ಇದಿಷ್ಟು ಅರ್ಥವಾಗಲು ಪದವಿ ಬೇಕಾಗಿಲ್ಲ. ನಮ್ಮವರಿಗೆ ಎರಡು ಪದವಿಗಳಿವೆ.

ಬಸಿದಾಯ್ತಾ?

ಗಾಡಿ ಬಂದ ಮೊದಲ ವರ್ಷ. ಚಳಿಗೆ ಮುಂಚಿನ ಒಂದು ದಿನ ನಮ್ಮವರಿಗೆ ರಜೆ, ನನಗೆ ಆಫೀಸು. ಹೊರಡುವಾಗ ಎರಡು ಕೆಲಸ ಹೇಳಿದೆ. ಗಾಡಿಯ ನೀರು ಬಸಿಯಬೇಕು, ರಾತ್ರಿಯ ಬಸ್ಸಾರಿಗೆ ಬೇಳೆ, ಹುರುಳಿಕಾಯಿ ಬೇಯಿಸಿಡಬೇಕು. ಅವರು ಫೋನು ನೋಡುತ್ತಲೇ "ಹೂಂ" ಅಂದರು.

ಮಧ್ಯಾಹ್ನ ಫೋನ್ ಮಾಡಿದೆ. "ಬಸಿದಾಯ್ತಾ?"

"ಓ, ಆಗ್ಲೇ ಆಯ್ತು."

"ಪೂರ್ತಿ?"

"ಒಂದು ಹನಿ ಇಲ್ಲ ಕಣೇ."

"ನೀರು ರಸ್ತೆಗೆ ಬಿಟ್ಟಿಲ್ಲ ತಾನೇ?"

"ರಸ್ತೆಗಾ? ಅದನ್ನ ಯಾರಾದ್ರೂ ಚೆಲ್ತಾರಾ? ಪಾತ್ರೇಲಿ ಎತ್ತಿಟ್ಟಿದ್ದೀನಿ."

ಎಂಥ ಜವಾಬ್ದಾರಿ ಅಂದುಕೊಂಡೆ. ನೀರನ್ನು ಗಿಡಗಳಿಗೆ ಉಳಿಸಿದ್ದಾರೆ ಅಂತ ಪಕ್ಕದ ಮೇಜಿನವಳ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡೂ ಬಿಟ್ಟೆ. ವಸಂತಕಾಲ ಬಂತು. ಗಾಡಿಗೆ ನೀರು ತುಂಬಿ ಪಂಪ್ ಹಾಕಿದರೆ ಗೋಡೆಯೊಳಗಿಂದ ಜಲಪಾತ. ಮಂಚ ನೆನೆಯಿತು, ನೆಲ ಉಬ್ಬಿತು. ರಿಪೇರಿಯಲ್ಲೇ ನನ್ನ ಬೇಸಿಗೆ ಕಳೆದುಹೋಯಿತು. ನಮ್ಮವರು ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟರು: "ಇನ್ನೊಂದು ಸಲ ಪೈಪ್ ಒಡೆದ್ರೆ ಗಾಡಿ ಮಾರೋದೇ." ತಪ್ಪು ಮಾಡಿದವರೇ ನ್ಯಾಯಾಧೀಶರಾದರೆ ಮೈ ಉರಿಯದೆ ಇನ್ನೇನಾಗುತ್ತದೆ?

"ಬಸಿದೆ ಅಂದ್ರಲ್ಲ ಅವತ್ತು!" ಅಂದೆ.

"ಬಸಿದೆನಲ್ಲ. ನೀನೇ ಎರಡು ಸಲ ಸಾರು ಬಡಿಸ್ಕೊಂಡು ತಿಂದೆ."

ಸಾರ್ ಬರಲಿ

ಮರುವರ್ಷ ಇನ್ನೊಬ್ಬರನ್ನು ನಂಬುವುದು ಬೇಡವೆಂದು ನಾನೇ ಕಲಿಯಲು ಕೂತೆ. ವಿಡಿಯೋ ನೋಡಿದೆ, ಗಾಡಿಯ ಕೆಳಗೆ ಮಲಗಿ ಪ್ರತಿ ತಿರುಗಣೆಯನ್ನೂ ಮುಟ್ಟಿ ನೋಡಿದೆ. ಗುಲಾಬಿ ದ್ರವ ತರಲು ಅಂಗಡಿಗೆ ಹೋದೆವು. ಡಬ್ಬ ಹೊರಲು ನಮ್ಮವರು ಜೊತೆಗಿದ್ದರು.

ಪ್ರಶ್ನೆ ಕೇಳಿದ್ದು ನಾನು. ಅಂಗಡಿಯವನು ಉತ್ತರ ಕೊಟ್ಟದ್ದು ಅವರಿಗೆ. ನಾನು ಇನ್ನೊಂದು ಕೇಳಿದೆ, ಅವನು ಅದನ್ನೂ ಅವರ ಮುಖ ನೋಡಿಯೇ ಹೇಳಿದ. ನಮ್ಮವರಿಗೆ ಬೇಜಾರಾಗಿ ಬಾರ್ಬೆಕ್ಯೂ ಒಲೆಗಳನ್ನು ನೋಡಲು ಆ ಕಡೆ ಹೊರಟರು. ಅವನು ಅರ್ಧ ವಾಕ್ಯಕ್ಕೇ ನಿಲ್ಲಿಸಿ, "ಸಾರ್ ಬರಲಿ" ಅಂತ ಕೈಕಟ್ಟಿ ನಿಂತ.

ನನಗೆ ರೇಗಿತು. ಗೀಸರಿಗೆ ಹೋಗುವ ದಾರಿಯನ್ನು ಮೊದಲು ಯಾಕೆ ಮುಚ್ಚಬೇಕು, ಯಾವ ನಲ್ಲಿಯನ್ನು ಮೊದಲು ತೆರೆಯಬೇಕು, ಎಲ್ಲವನ್ನೂ ಅವನಿಗೇ ಪಾಠ ಮಾಡಿದೆ. ಅವನು ಬಾಯಿ ಬಿಟ್ಟುಕೊಂಡು ಕೇಳಿದ. ಅಷ್ಟರಲ್ಲಿ ನಮ್ಮವರು ವಾಪಸ್ ಬಂದರು. ಅವನು ಅವರ ಕೈ ಕುಲುಕಿ ಹೇಳಿದ:

"ನಿಮ್ಮ ಹೆಂಡತಿಗೆ ತುಂಬ ಚೆನ್ನಾಗಿ ಕಲಿಸಿಕೊಟ್ಟಿದ್ದೀರಿ, ಸಾರ್."

ಗುಲಾಬಿ ಗಾಬರಿ

ಆ ವರ್ಷ ಎಲ್ಲವನ್ನೂ ನಾನೇ ಮಾಡಿ ಮುಗಿಸಿದೆ. ಕಕ್ಕಸಿನ ಬೋಗುಣಿಗೂ ಒಂದಿಷ್ಟು ಗುಲಾಬಿ ದ್ರವ ಸುರಿದೆ. ಅದೂ ನಿಯಮವೇ.

ಮಾರನೆಯ ವಾರ ನಮ್ಮಲ್ಲಿ ಕನ್ನಡದವರ ಪಾಟ್‌ಲಕ್ಕು, ಮನೆಗೊಂದು ಅಡುಗೆ ತಂದು ಎಲ್ಲರೂ ಕೂಡಿ ಉಣ್ಣುವ ಊಟ. ಮನೆಯ ಬಾತ್‌ರೂಮಿನ ಮುಂದೆ ಸಾಲು. ಮಿಸಿಸಾಗದಲ್ಲೇ ಇರುವ ನಮ್ಮವರ ಸ್ನೇಹಿತರೊಬ್ಬರಿಗೆ ತಡೆಯಲಾಗಲಿಲ್ಲ. "ಗಾಡೀಲಿ ಒಂದಿದೆ, ಹೋಗಿ" ಅಂದರಂತೆ ನಮ್ಮವರು. ನನ್ನನ್ನು ಒಂದು ಮಾತು ಕೇಳಬಾರದೇ?

ಸ್ನೇಹಿತರು ಹಿಂತಿರುಗಿದಾಗ ಮುಖದಲ್ಲಿ ರಕ್ತವಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತರು. ಜಾಮೂನು ಕೊಟ್ಟರೆ ಬೇಡವೆಂದು ತಲೆಯಾಡಿಸಿದರು. ಹೆಂಡತಿಯನ್ನು ಹತ್ತಿರ ಕರೆದು, "ಮಕ್ಕಳನ್ನ ಚೆನ್ನಾಗಿ ಓದಿಸು" ಅಂದರಂತೆ. ಆಕೆ ಹೆದರಿ ನನ್ನ ಹತ್ತಿರ ಓಡಿಬಂದರು. ನಾನು ಹೋಗಿ ವಿಚಾರಿಸಿದೆ.

ಅವರು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. "ನನಗೆ ಏನೋ ಆಗಿದೆ. ಎಲ್ಲಾ ಕೆಂಪಗೆ ಹೋಯ್ತು."

ನಾನು ದ್ರವದ ಕಥೆ ಬಿಡಿಸಿ ಹೇಳಿದೆ. ಅವರ ಬಳಕೆಯಿಂದ ಹಾಳಾದ ಕೆಲಸವನ್ನು ನಾನು ಮತ್ತೆ ಮಾಡಬೇಕು ಅನ್ನುವುದನ್ನೂ ಹೇಳಿದೆ. ಕ್ಷಮೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ನಿಟ್ಟುಸಿರುಬಿಟ್ಟು, ಕುರ್ಚಿಯಿಂದ ಎದ್ದು ತಟ್ಟೆ ಹಿಡಿದರು.

"ಹಾಗಾದ್ರೆ ಆ ಜಾಮೂನು ಕೊಡಿ. ಬೀಟ್‌ರೂಟ್ ಪಲ್ಯನೂ ಇನ್ನೊಂದು ಸ್ವಲ್ಪ ಹಾಕಿ. ಪಾಪ, ಅದರ ಮೇಲೆ ಸುಮ್ಮನೆ ಅನುಮಾನಪಟ್ಟೆ."

ಹಂಡೆ

ಮುಂದಿನ ವರ್ಷ ದೀಪಾವಳಿ ನವೆಂಬರಿನಲ್ಲಿ ಬಂತು. ಮೈಸೂರಿನಿಂದ ಅತ್ತೆ ಬಂದಿದ್ದರು. ಬೆಳಿಗ್ಗೆಯೇ ನಾನು ಗಾಡಿಯ ಕೆಲಸ ಮುಗಿಸಿದೆ. ನೀರು ಬಸಿದೆ, ಗೀಸರಿನ ದಾರಿ ಮುಚ್ಚಿದೆ, ಆ ಗುಲಾಬಿ ದ್ರವ, ನಮ್ಮ ಬಾಯಲ್ಲಿ ಪಿಂಕು, ತುಂಬಿದೆ. ಆ ರಾತ್ರಿ ಕೊರೆಯುವ ಚಳಿಯೆಂದು ರೇಡಿಯೋ ಹೇಳುತ್ತಿತ್ತು. ಹೇಳಿಕೊಳ್ಳಲಿ ಅಂತ ನಿಶ್ಚಿಂತೆಯಿಂದ ಆಫೀಸಿಗೆ ಹೋದೆ.

ಸಂಜೆ ಬಂದು ನೋಡುತ್ತೇನೆ, ಗಾಡಿಯ ಬಾಗಿಲ ಮುಂದೆ ರಂಗೋಲಿ. ನೀರು ತುಂಬುವ ಮುಚ್ಚಳಕ್ಕೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ. ಪಕ್ಕದಲ್ಲಿ ಖಾಲಿ ಬಕೆಟ್ಟುಗಳು. ನಮ್ಮವರ ಕೈಯಲ್ಲಿ ಲಾಳಿಕೆ.

ಅವತ್ತು ನೀರು ತುಂಬುವ ಹಬ್ಬ. ನಾನು ಪೂರ್ತಿ ಮರೆತಿದ್ದೆ.

"ನಿಮ್ಮನೇಲಿ ಹಂಡೆನೇ ಇಲ್ವಲ್ಲೇ," ಅಂದರು ಅತ್ತೆ. "ಬೇಸ್‌ಮೆಂಟಲ್ಲಿರೋ ಬಿಸಿನೀರಿನ ಟ್ಯಾಂಕು ತಾನೇ ತುಂಬ್ಕೊಳುತ್ತಂತೆ. ನಾವು ತುಂಬೋಕೇನಿದೆ? ಇದಕ್ಕಾದ್ರೆ ಟ್ಯಾಂಕಿದೆ, ನಲ್ಲಿ ಇದೆ. ಬರಿದಾಗಿ ನಿಂತಿತ್ತು. ಹಬ್ಬದ ದಿನ ಹಾಗಿರಬಾರದು."

"ನಲ್ಲೀಲಿ ಪಿಂಕು ಇತ್ತಲ್ಲ ಅತ್ತೆ?"

"ಇತ್ತು. ನಮ್ಮೂರ ನಲ್ಲೀಲೂ ಮೊದಲು ಹಾಗೇ ಕೆಂಪಗೆ ಬರೋದು. ಪಂಪ್ ಹಾಕಿಸಿ, ಬಿಳೀ ನೀರು ಬರೋ ತನಕ ಬಿಟ್ಟೆ."

ನಾನು ನಮ್ಮವರ ಕಡೆ ತಿರುಗಿದೆ. "ನಿಮಗೆ ಗೊತ್ತಿತ್ತಲ್ಲ?"

"ಅಮ್ಮನಿಗೆ ಬೇಡ ಅನ್ನೋದು ಹೇಗೆ?" ಅಂದರು ಆಜ್ಞಾಪಾಲಕ ಪುತ್ರ. ಆ ಮುಖದಲ್ಲಿದ್ದ ಸಣ್ಣ ನಗು ನನಗೆ ಕಾಣದೆ ಇರಲಿಲ್ಲ. ಬೆಳಗಾಗುವುದರಲ್ಲಿ ಪೈಪು ಒಡೆಯುತ್ತದೆ, ಗಾಡಿ ಮಾರಾಟಕ್ಕೆ ಹೋಗುತ್ತದೆ. ಎಲ್ಲ ಲೆಕ್ಕ ಹಾಕಿಯೇ ಲಾಳಿಕೆ ಹಿಡಿದಿದ್ದರು.

ನೀರು ಈಗಲೇ ಬಸಿಯಬೇಕು ಅಂದೆ. ಅತ್ತೆ ಅಡ್ಡ ನಿಂತರು. "ಹಬ್ಬಕ್ಕೆ ತುಂಬಿದ ನೀರನ್ನ ಸುಮ್ಮನೆ ಚೆಲ್ಲೋ ಹಾಗಿಲ್ಲ. ಬೆಳಿಗ್ಗೆ ಎಣ್ಣೆ ನೀರು ಆಗ್ಬೇಕು. ಆಮೇಲೆ ಏನಾದ್ರೂ ಮಾಡ್ಕೋ."

ನನಗೆ ಅಳು ಬರುವುದೊಂದು ಬಾಕಿ. ಗಾಡಿಯ ಮೆಟ್ಟಿಲ ಮೇಲೆ ಕೂತೆ. ಆಗ ಅತ್ತೆಯ ಕೈಯ ಗಡಿಯಾರ ಕಣ್ಣಿಗೆ ಬಿತ್ತು. ಇಲ್ಲಿಗೆ ಬಂದ ಮೇಲೂ ಅವರು ಅದನ್ನು ಮೈಸೂರಿನ ಸಮಯಕ್ಕೇ ಇಟ್ಟುಕೊಂಡಿದ್ದರು.

"ಅತ್ತೆ, ನಿಮ್ಮ ವಾಚಲ್ಲಿ ಎಷ್ಟು ಗಂಟೆ?"

"ಐದೂವರೆ."

"ಬೆಳಗಿನ ಜಾವ. ಅಂದ್ರೆ ಊರಲ್ಲಿ ನರಕ ಚತುರ್ದಶಿ ಬಂದಾಯ್ತು. ಎಲ್ಲರೂ ಎದ್ದು ಎಣ್ಣೆ ಹಚ್ಕೋತಿದ್ದಾರೆ. ನಿಮ್ಮ ಮಗ ಒಬ್ಬರೇ ಬಾಕಿ."

ಅತ್ತೆ ಗಡಿಯಾರ ನೋಡಿದರು. ಮಗನನ್ನು ನೋಡಿದರು. "ಹೌದಲ್ವೇನೋ," ಅಂದವರೇ ಹರಳೆಣ್ಣೆ ತರಲು ಒಳಗೆ ಹೋದರು.

ಗಾಡಿಯ ಸ್ನಾನದ ಗೂಡಿನಲ್ಲಿ ನಿಂತವರು ತಿರುಗುವಷ್ಟೂ ಜಾಗವಿಲ್ಲ. ನಮ್ಮವರು ಅದರೊಳಗೆ, ಪಂಚೆಯುಟ್ಟು, ತಲೆ ತುಂಬ ಎಣ್ಣೆಯೊಂದಿಗೆ. ಗೀಸರಿನ ದಾರಿ ಮುಚ್ಚಿತ್ತಲ್ಲ, ತೆರೆಯಲು ಬಹಳ ಹೊತ್ತಾಗುತ್ತದೆ ಅಂದೆ. ನಿಜವಾಗಿ ಒಂದು ತಿರುವು ಸಾಕು. ಸೀಗೇಪುಡಿಯ ಮೇಲೆ ತಣ್ಣೀರು ಬಿತ್ತು. ಪಕ್ಕದ ಮನೆಯ ಕಿಟಕಿ ತೆರೆದು ಯಾರೋ ಇಣುಕಿದರು.

"ಸಾಕಮ್ಮಾ!"

"ಇನ್ನೂ ನೀರಿದೆ ಕಣೋ. ಅಲ್ಲಾಡಬೇಡ."

ನಾನು ಬಾಗಿಲ ಹೊರಗೆ ನಿಂತು ಕೇಳಿದೆ. "ರೀ, ಬಸಿದಾಯ್ತಾ?"

"ಆ... ಆಯ್ತು."

"ಪೂರ್ತಿ?"

"ಒಂದು ಹ... ಹನಿ ಇಲ್ಲ ಕಣೇ."

ಈ ಸಲ ನಂಬಿದೆ. ಪಿಂಕಿನ ಹೊಸ ಡಬ್ಬ ಹಿಡಿದು ಒಳಗೆ ಹೋದೆ. ನಮ್ಮವರು ಕಂಬಳಿ ಸುತ್ತಿಕೊಂಡು, ಹಲ್ಲು ಕಟಕಟಿಸುತ್ತ ಮಂಚದ ಮೇಲೆ ಕೂತಿದ್ದರು. "ಅಮ್ಮ, ನಾಳೇನೇ ಈ ಗಾಡಿ ಮಾರಿಬಿಡ್ತೀನಿ," ಅನ್ನುತ್ತಿದ್ದರು.

ಅವರ ತಲೆ ಒರೆಸುತ್ತಿದ್ದ ಅತ್ತೆಯ ಕೈ ನಿಂತಿತು.

"ಬಾಯಿ ಮುಚ್ಚು. ಮನೆ ಹಂಡೆನ ಯಾರಾದ್ರೂ ಮಾರ್ತಾರೇನೋ?"