ದೊಡ್ಡವ್ವನ ಹೆಸರಿಗೆ ಒಂದು ಚಂದಾ

ಮೊದಲು ಬಾಯಿ ಬಿಡುವುದು, ಆಮೇಲೆ ಬೆವರುವುದು: ಇದು ನನಗೆ ಚಿಕ್ಕಂದಿನಿಂದ ಅಂಟಿದ ಚಾಳಿ. ಮೂರನೇ ಕ್ಲಾಸಿನಲ್ಲಿ ನಮ್ಮ ಮನೆಯಲ್ಲಿ ನವಿಲು ಸಾಕಿದ್ದೇವೆ ಎಂದುಬಿಟ್ಟಿದ್ದೆ. ಮೇಷ್ಟ್ರು ಪಾಪ, ಸಾಯಂಕಾಲ ನೋಡಲು ಬರುತ್ತೇನೆ ಎಂದರು. ಮೂರು ದಿನ ಜ್ವರ ಬಂದವನಂತೆ ಕಂಬಳಿ ಹೊದ್ದು ಮಲಗಿದ್ದೆ. ಅರವತ್ತು ದಾಟಿದ ಮೇಲಾದರೂ ಈ ಬುದ್ಧಿ ಬಿಟ್ಟು ಹೋದೀತು ಅಂದುಕೊಂಡಿದ್ದೆ. ಎಲ್ಲಿ ಬಂತು! ಮೊಮ್ಮಗಳು ಹುಟ್ಟಿದ ದಿನ ಮತ್ತೆ ನವಿಲು ಸಾಕಿದೆ.

ಸೊಸೆಯ ತವರು ಚನ್ನರಾಯಪಟ್ಟಣ, ಬಾಣಂತನವೂ ಅಲ್ಲೇ. ಬೀಗರು ಕೊಬ್ಬರಿ ವ್ಯಾಪಾರದವರು, ಚಿನ್ನದಂಥ ಮನುಷ್ಯ. ಆದರೆ ಅವರ ನಡುಮನೆಯ ಗೋಡೆಯ ಮೇಲೆ ಒಂದು ವಂಶವೃಕ್ಷ ಇದೆ. ತೇಗದ ಚೌಕಟ್ಟು, ಮೇಲೆ ಗಾಜು, ಒಳಗೆ ಏಳು ತಲೆಮಾರಿನ ಗಂಡಸರು ಕೊಂಬೆಕೊಂಬೆಗೂ ಕೂತಿದ್ದಾರೆ. ನಾನು ಹೋದಾಗಲೆಲ್ಲ ಸರಿಯಾಗಿ ಅದರ ಕೆಳಗೇ ಕುರ್ಚಿ ಹಾಕಿಸುತ್ತಾರೆ. ಕಾಫಿ ಅರ್ಧ ಕುಡಿಯುವಷ್ಟರಲ್ಲಿ, ನಿಮ್ಮ ಕಡೆ ಎಷ್ಟು ತಲೆ ಸಿಕ್ತವೆ ಬೀಗರೇ ಎನ್ನುತ್ತಾರೆ. ನನಗೆ ಸಿಕ್ಕುವುದು ಅಪ್ಪ, ತಾತ ಎರಡೇ ತಲೆ; ನನ್ನದೂ ಸೇರಿಸಿದರೆ ಮೂರು. ಅವತ್ತು ಮಗುವಿನ ಮುಖ ನೋಡಿದ ಸಂಭ್ರಮವೋ, ಆ ಗಾಜು ಕಣ್ಣಿಗೆ ಹೊಡೆಯಿತೋ, ಎಲ್ಲರ ಮುಂದೆ ಘೋಷಿಸಿಬಿಟ್ಟೆ: ಮಗುವಿಗೆ ನಮ್ಮ ತಾತನ ತಾಯಿಯ ಹೆಸರನ್ನೇ ಇಡೋದು, ಅದು ನಮ್ಮ ಮನೆತನದ ಆಸೆ. ಬೀಗರು ಕುತೂಹಲದಿಂದ, ಏನು ಹೆಸರು ಎಂದರು. ತೊಟ್ಟಿಲಿಗೆ ಹಾಕುವ ದಿನ ಹೇಳುತ್ತೇನೆ, ಅಲ್ಲಿಯವರೆಗೆ ಸಸ್ಪೆನ್ಸ್ ಎಂದೆ. ಸಸ್ಪೆನ್ಸ್ ನನಗೂ ಇತ್ತು. ಆ ಹೆಸರು ನನಗೇ ಗೊತ್ತಿರಲಿಲ್ಲ.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡವ್ವ ಎಂದು. ಮಕ್ಕಳಿಗೆ ದೊಡ್ಡವ್ವ, ಮೊಮ್ಮಕ್ಕಳಿಗೆ ದೊಡ್ಡವ್ವ, ಊರಿಗೆಲ್ಲ ದೊಡ್ಡವ್ವ. ಹಳೇಕೋಟೆಯಲ್ಲಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಎರಡು ಎಮ್ಮೆ ಕಟ್ಟಿ, ಬೆಣ್ಣೆ ಕುಕ್ಕೆ ಹೊತ್ತು ಹೊಳೆನರಸೀಪುರದ ಸಂತೆಗೆ ನಡೆದು ಹೋಗಿ ಮಾರಿ ನನ್ನ ತಾತನಿಗೆ ನಾಲ್ಕಕ್ಷರ ಕಲಿಸಿದವಳು. ಆ ಅಕ್ಷರದಿಂದಲೇ ತಾತ ಹಾಸನಕ್ಕೆ ಬಂದು ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದು, ಅಪ್ಪ ಸ್ವಂತ ಪ್ರೆಸ್ಸು ಇಟ್ಟದ್ದು, ನಾನು ಇವತ್ತು ಲಗ್ನಪತ್ರಿಕೆ ಅಚ್ಚು ಹಾಕಿಕೊಂಡು ಅನ್ನ ಉಣ್ಣುತ್ತಿರುವುದು. ಈ ಜಿಲ್ಲೆಯ ಎಷ್ಟು ಸಾವಿರ ಜನರ ಹೆಸರನ್ನು, ಅವರ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಸರನ್ನು, ಸುಖಾಗಮನ ಬಯಸುವ ಮಕ್ಕಳ ಹೆಸರನ್ನು ನಾನು ಪ್ರೂಫ್ ತಿದ್ದಿಲ್ಲ! ಅಂಥ ನನಗೆ, ಅನ್ನ ಹಾಕಿದವಳ ಹೆಸರು ಗೊತ್ತಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ನಿಜವಾಗಿ ನಾಚಿಕೆಯಾಯಿತು. ಎರಡೇ ಮುದ್ದೆ ಉಂಡೆ.

ಪ್ರೆಸ್ಸಿಗೆ ಬಂದ ಗಿರಾಕಿಯೊಬ್ಬರು ಉಪಾಯ ಹೇಳಿದರು. ವಂಶ ಹುಡುಕಿಕೊಡುವ ಇಂಗ್ಲೆಂಡಿನ ವೆಬ್‌ಸೈಟುಗಳಿವೆಯಂತೆ, ಚಂದಾ ಕಟ್ಟಿದರೆ ನೂರು ನೂರೈವತ್ತು ವರ್ಷದ ಹಿಂದಿನ ಜನಗಣತಿಯ ಹಾಳೆಗಳನ್ನು ಹಾಗೆಹಾಗೇ ತೋರಿಸುತ್ತವಂತೆ. ಮನೆ ಯಜಮಾನ ಯಾರು, ಹೆಂಡತಿ ಯಾರು, ಯಾರಿಗೆ ಎಷ್ಟು ವಯಸ್ಸು, ಎಲ್ಲಾ. ನನಗೆ ಹೋದ ಜೀವ ಬಂದಂತಾಯಿತು. ಅವತ್ತೇ ಚಂದಾದಾರನಾದೆ. ಹೆಂಡತಿ ಶಾಂತಾ, ನಿಮ್ಮ ಮುತ್ತಜ್ಜಿ ಹೆಸರು ವಿಲಾಯ್ತಿಯೋರಿಗೆ ಹ್ಯಾಗ್ರೀ ಗೊತ್ತಿರುತ್ತೆ ಎಂದಳು. ನಿನಗೆ ಟೆಕ್ನಾಲಜಿ ತಿಳಿಯುವುದಿಲ್ಲ ಎಂದು ಬಾಗಿಲು ಹಾಕಿಕೊಂಡೆ.

ತಿಳಿಯದೇ ಇದ್ದದ್ದು ನನಗೆ. ಒಬ್ಬರನ್ನು ಹುಡುಕಬೇಕಾದರೆ ಆ ವೆಬ್‌ಸೈಟು ಮೊಟ್ಟಮೊದಲು ಕೇಳುವುದೇ ಅವರ ಹೆಸರನ್ನು. ಹೆಸರು ಗೊತ್ತಿದ್ದರೆ ನಿನ್ನ ಹತ್ತಿರ ಯಾಕಪ್ಪಾ ಬರುತ್ತಿದ್ದೆ ಎಂದು ಪರದೆಗೇ ಹೇಳಿದೆ. ಬೇರೆ ದಾರಿಯಿಲ್ಲದೆ ಇಂಗ್ಲಿಷಿನಲ್ಲಿ ದೊಡ್ಡವ್ವ ಎಂದೇ ಹೊಡೆದೆ. ಅದು ಸ್ವಲ್ಪ ಹೊತ್ತು ಗಿರಗಿರ ತಿರುಗಿ ಇಂಗ್ಲೆಂಡಿನ ಯಾವುದೋ ಗಿರಣಿ ಊರಿನ ಈವಾ ಡಾಡ್ ಎಂಬ ಹೆಂಗಸನ್ನು ತಂದು ಮುಂದೆ ನಿಲ್ಲಿಸಿತು. ಇವಳಲ್ಲ ತಾಯಿ ಎಂದು ಮುಚ್ಚಬೇಕಾಗಿತ್ತು. ಸುಮ್ಮನೆ ನೋಡೋಣ ಎಂದು ತೆರೆದೆ.

ಅಲ್ಲಿ ಕೆಟ್ಟೆ. ಹತ್ತು ವರ್ಷಕ್ಕೊಂದರಂತೆ ಈವಾಳ ಇಡೀ ಸಂಸಾರ ಅಲ್ಲಿತ್ತು. ಮೊದಲನೆಯ ಹಾಳೆಯಲ್ಲಿ ಆರು ವರ್ಷದ ಸ್ಕೂಲು ಹುಡುಗಿ. ಮುಂದಿನದರಲ್ಲಿ ನೂಲಿನ ಗಿರಣಿಯ ಕೂಲಿ. ಅದರ ಮುಂದಿನದರಲ್ಲಿ ಮದುವೆಯಾಗಿ ಮೂರು ಮಕ್ಕಳು, ಗಂಡ ಬಡಗಿ. ಮುಂದಿನದರಲ್ಲಿ ಗಂಡನ ಹೆಸರೇ ಇಲ್ಲ. ಈವಾ ಊರವರ ಬಟ್ಟೆ ಒಗೆಯುತ್ತಿದ್ದಾಳೆ. ಎದ್ದು ಹೋಗಿ, ಈವಾ ಗಂಡ ಹೋಗಿಬಿಟ್ಟ ಕಣೇ ಎಂದು ಶಾಂತಾಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ, ಸೂತಕ ಎಷ್ಟು ದಿನ ಎಂದು ಕೇಳಿದಳು. ಹೀಗೆ ಒಂದು ವಾರ ಕಳೆಯಿತು. ಈವಾಳ ಎರಡನೇ ಮಗಳು ಯಾರನ್ನು ಮದುವೆಯಾದಳು, ಕಿರಿಯವನು ಯಾವ ಊರಿಗೆ ಹೋದ, ಎಲ್ಲವೂ ನನಗೆ ಬಾಯಿಪಾಠ. ಹಳೇಕೋಟೆಯ ವಿಷಯದಲ್ಲಿ ಮಾತ್ರ ಇದ್ದಲ್ಲೇ ಇದ್ದೆ.

ಕೊನೆಗೆ ವೆಬ್‌ಸೈಟಿನವರಿಗೇ ಪತ್ರ ಬರೆದೆ. ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ನಿಮ್ಮ ಮೈಸೂರು ಸೀಮೆಯ ಹಳೆಯ ಗಣತಿಯಲ್ಲಿ ಹೆಸರಿರುವ ಹಾಳೆಗಳು ನಮ್ಮಲ್ಲಿಲ್ಲ, ಒಟ್ಟು ಲೆಕ್ಕದ ಪುಸ್ತಕಗಳಷ್ಟೇ ಸಿಗುತ್ತವೆ ಎಂದರು. ಅಂದರೆ ತಲೆ ಎಣಿಸಿದರು, ಕೂಡಿದರು, ಮೊತ್ತ ಉಳಿಸಿಕೊಂಡರು. ಆ ಮೊತ್ತದಲ್ಲಿ ಒಂದು ನಮ್ಮ ದೊಡ್ಡವ್ವ. ತೊಟ್ಟಿಲ ಶಾಸ್ತ್ರಕ್ಕೆ ಇನ್ನು ಐದೇ ದಿನ. ಬೀಗರು ಫೋನು ಮಾಡಿ, ಸಸ್ಪೆನ್ಸ್ ತಡೆಯಾಕಾಗ್ತಿಲ್ಲ ಬೀಗರೇ ಎಂದು ನಕ್ಕರು. ನಾನೂ ನಕ್ಕೆ. ಮತ್ತೆ ಜ್ವರ ಬರಿಸಿಕೊಂಡು ಕಂಬಳಿ ಹೊದೆಯುವ ವಯಸ್ಸೇ ಇದು? ಆಗ ಶಾಂತಾ, ರಾಮನಾಥಪುರದಲ್ಲಿ ನಿಮ್ಮತ್ತೆ ಇನ್ನೂ ಇದ್ದಾರೆ, ಜ್ಞಾಪಕ ಇದೆಯಾ ಎಂದಳು.

ಅತ್ತೆ ಎಂದರೆ ನನ್ನ ಅಪ್ಪನ ಕೊನೆಯ ತಂಗಿ. ಎಂಬತ್ತೆಂಟು ವಯಸ್ಸು, ದೊಡ್ಡವ್ವನ ಮಡಿಲಲ್ಲಿ ಆಡಿದವರು. ಮಾರನೆಯ ಬೆಳಿಗ್ಗೆಯೇ ಅರಕಲಗೂಡಿನ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ತಂಬಾಕು ಹರಾಜಿಗೆ ಹೊರಟವರ ಮಧ್ಯೆ ಒಂದು ಕಾಲಲ್ಲಿ ನಿಂತು ರಾಮನಾಥಪುರ ಸೇರಿದೆ. ಅತ್ತೆ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಕುಶಲ ವಿಚಾರಿಸಿ, ಹಣ್ಣು ಕೊಟ್ಟು, ಮೆಲ್ಲಗೆ ದೊಡ್ಡವ್ವನ ನಿಜವಾದ ಹೆಸರು ಕೇಳಿದೆ. ಗೊತ್ತು ಎನ್ನುವಂತೆ ತಲೆಯಾಡಿಸಿದರು. ಆದರೆ ಬಾಯಿ ಬಿಡಲೊಲ್ಲರು.

"ನಮ್ಮತ್ತೆ ಎಸ್ರೂ ಅದೇ ಕಣ್ಲಾ. ಅತ್ತೆ ಎಸ್ರ ಸೊಸೆ ಬಾಯಲ್ಲಿ ಎಂಗ್ಲಾ ಏಳದು?"

ಆ ಅತ್ತೆ ಶಿವನ ಪಾದ ಸೇರಿ ನಲವತ್ತು ವರ್ಷವಾಗಿದೆ, ಈಗ ಹೇಳಿದರೆ ಯಾರು ಕೇಳುತ್ತಾರೆ ಎಂದೆ. ಹೋದವರಿಗೇ ಹೆಚ್ಚು ಮರ್ಯಾದೆ ಕೊಡಬೇಕು ಎಂದರು. ಬರೆದು ತೋರಿಸಿ ಎಂದರೆ, ಅಕ್ಷರ ಬರುವುದಿಲ್ಲ. ಇಂಗ್ಲೆಂಡಿನವರು ಇಲ್ಲ ಎಂದಾಗಲೂ ಇಷ್ಟು ಸಂಕಟವಾಗಿರಲಿಲ್ಲ. ಇಲ್ಲಿ ಹೆಸರು ಎದುರಿಗೇ ಕೂತು ಎಲೆ ಅಡಿಕೆ ಮೆಲ್ಲುತ್ತಿದೆ! ಜನಗಣತಿಯ ಕಥೆಯೆಲ್ಲ ಹೇಳಿ ಅಲವತ್ತುಕೊಂಡೆ. ಅತ್ತೆ ಮನಸಾರೆ ನಕ್ಕರು. ಅವರು ಚಿಕ್ಕವರಿದ್ದಾಗ ಹಳೇಕೋಟೆಗೂ ಗಣತಿಯವನೊಬ್ಬ ಬಂದಿದ್ದನಂತೆ. ಹೆಸರೇನಮ್ಮ ಎಂದು ಕೇಳಿದ್ದಕ್ಕೆ ನಮ್ಮ ಮುತ್ತಜ್ಜಿ, ಈ ಮನೆ ದೊಡ್ಡವ್ವ ಅಂತ ಬರಕೋ, ಊರಿಗೆಲ್ಲ ಗೊತ್ತು ಎಂದು ಗದರಿ ಮಜ್ಜಿಗೆ ಕೊಟ್ಟು ಕಳಿಸಿದಳಂತೆ. ಆ ಹಾಳೆ ಉಳಿದಿದ್ದರೂ ನನಗೆ ಸಿಗುತ್ತಿದ್ದದ್ದು ಅಷ್ಟೇ.

ನಗು ನಿಂತ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು.

"ನೀ ಕೇಳ್ಕಂಡ್ ಬಂದಿದ್ದು ಒಳ್ಳೇದಾಯ್ತು ಮಗಾ. ನಾನೂ ಒಂಟೋದ್ರೆ ಅವಳ ಎಸ್ರು ಗೊತ್ತಿರೋರು ಯಾರೂ ಇಲ್ಲ. ಗಣಪತಿಗಿಂತ ಒಂದ್ ದಿನ ಮುಂಚೆ ಯಾರ್ಲಾ ಬರೋದು? ನೀನೇ ಏಳು, ನಾ ತಲೆ ಆಡುಸ್ತೀನಿ."

ಗೌರಿ, ಎಂದೆ. ಗೌರಮ್ಮ. ಅತ್ತೆ ತಲೆಯಾಡಿಸಿದರು. ನನಗೆ ಕಣ್ಣು ತುಂಬಿ ಬಂತು, ಅದನ್ನೇನೂ ಮುಚ್ಚಿಡುವುದಿಲ್ಲ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಗೌರಮ್ಮ, ಗೌರಮ್ಮ ಎಂದು ಹೇಳಿಕೊಂಡು ಬಂದೆ. ಮನೆಯಲ್ಲಿ ಹೇಳಿದಾಗ ಶಾಂತಾ ಒಂದು ಕ್ಷಣ ನನ್ನ ಮುಖ ನೋಡಿ, ಒಳ್ಳೇ ಹೆಸರು ರೀ, ಎಲ್ಲರಿಗೂ ಸಂತೋಷವಾಗುತ್ತೆ ಎಂದಳು. ಮಗನ ಮೂಲಕ ಸೊಸೆಗೆ ಗುಟ್ಟಾಗಿ ತಿಳಿಸಿದ್ದಾಯಿತು. ಗೌರಿ ಎಂದು ಕರೆಯೋಣ ಎಂದು ಒಪ್ಪಿದಳು, ಫೋನಿನಲ್ಲೇ ಅತ್ತಳಂತೆ. ನನ್ನ ಸಂಶೋಧನೆಗೆ ಇಷ್ಟು ಬೆಲೆ ಕೊಡುವ ಸೊಸೆ ಯಾರಿಗೆ ಸಿಗುತ್ತಾಳೆ ಎಂದು ಬೀಗಿದೆ.

ತೊಟ್ಟಿಲ ಶಾಸ್ತ್ರದ ದಿನ ಚನ್ನರಾಯಪಟ್ಟಣದ ಮನೆ ತುಂಬ ಜನ. ನನ್ನ ಮಗಳು, ಮಗುವಿನ ಸೋದರತ್ತೆ, ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು. ನಾನು ವಂಶವೃಕ್ಷದ ಕೆಳಗೆ ನಿಂತು, ಗಂಟಲು ಸರಿಮಾಡಿಕೊಂಡು, ಗೌರಿ ಎಂದು ಸಾರಿದೆ. ದೊಡ್ಡವ್ವನ ಕಥೆ ಹತ್ತು ನಿಮಿಷಕ್ಕಾಗುವಷ್ಟು ತಯಾರಾಗಿತ್ತು. ಬೆಣ್ಣೆ ಕುಕ್ಕೆಯಿಂದ ಶುರುಮಾಡುವವನಿದ್ದೆ. ಅಷ್ಟರಲ್ಲಿ ಬೀಗರು ಬಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಗಳಗಳ ಅತ್ತುಬಿಟ್ಟರು.

"ನಮ್ಮವ್ವನ ಹೆಸರು ಇಟ್ಟುಬಿಟ್ರಲ್ಲ ಬೀಗರೇ. ನಿಮ್ಮ ಮನೆತನದ ಹೆಸರು ಅಂತ ಬಾಯಲ್ಲಿ ಅಂದು, ಮನಸಲ್ಲಿ ಇದನ್ನ ಇಟ್ಕಂಡಿದ್ರಾ?"

ಅವರ ತಾಯಿ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಶಿವಗಣಾರಾಧನೆಗೆ ಹೋಗಿ ನಾನೇ ಎರಡು ಸಲ ಪಾಯಸ ಹಾಕಿಸಿಕೊಂಡಿದ್ದೆ. ಅದರ ಆಹ್ವಾನಪತ್ರಿಕೆ ನನ್ನ ಪ್ರೆಸ್ಸಿನದೇ. ಭಾವಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಶರಣೆ ಗೌರಮ್ಮನವರು ಎಂದು ನಾನೇ ಕೂರಿಸಿ, ಪ್ರೂಫ್ ತಿದ್ದಿ, ಐನೂರು ಪ್ರತಿ ತೆಗೆದು ಕಳಿಸಿದ್ದೆ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಶಾಂತಾ ನನ್ನ ಕಾಲನ್ನು ಬಲವಾಗಿ ತುಳಿದಳು. ಬೀಗರ ಒದ್ದೆ ಮುಖ ನೋಡಿದೆ. ಅದಕ್ಕೇ ಅಲ್ಲವೇ ಸಸ್ಪೆನ್ಸ್ ಅಂದದ್ದು, ಎಂದೆ.

ಊಟದ ಪಂಕ್ತಿಯಲ್ಲಿ ಬೀಗರು ಎಲೆಯಿಂದ ಎಲೆಗೆ ನನ್ನ ದೊಡ್ಡ ಮನಸ್ಸನ್ನು ಬಡಿಸುತ್ತಾ ಹೋದರು. ಎಲ್ಲರೂ ತಿರುಗಿ ನೋಡಿ ನನಗೆ ಕೈ ಮುಗಿದರು. ಅತ್ತೆಯ ಹಾಗೆಯೇ ನಾನೂ ಈಗ ಹೆಸರು ಗೊತ್ತಿದ್ದು ಬಾಯಿ ಬಿಡಲಾರದವನು. ಅದು ನಮ್ಮ ಮುತ್ತಜ್ಜಿಯ ಹೆಸರು ಎಂದು ಬಲ್ಲವರು ನಾನು, ಶಾಂತಾ, ನನ್ನ ಮಗ, ಮಗಳು, ಸೊಸೆ, ರಾಮನಾಥಪುರದ ಅತ್ತೆ, ಈಗ ನೀವು. ಕೈ ಮುಗಿದು ಕೇಳುತ್ತೇನೆ, ಚನ್ನರಾಯಪಟ್ಟಣದ ಕಡೆ ಹೋದರೆ ಯಾರಿಗೂ ಹೇಳಬೇಡಿ.